ಹಳೆಯ ಪೋಸ್ಟರಿನಲ್ಲಿ ಹೊಸ ದಿನಾಂಕ: ನಂಬಿಕೆ ಯಾವುದು, ನಿಜ ಯಾವುದು

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಡಿಟಿಪಿ ಗೊತ್ತಿರುವವರ ವಾಟ್ಸ್ಯಾಪಿಗೆ ಹಳೆಯ ರಾಜ್ಯೋತ್ಸವದ ಪೋಸ್ಟರುಗಳು ಬರತೊಡಗುತ್ತವೆ. ಜೊತೆಗೊಂದು ಸಾಲು: ‘ಹೋದ ವರ್ಷದ್ದೇ ಸರ್, ಇಸವಿ, ಟೈಮ್ ಚೇಂಜ್ ಮಾಡಿಕೊಡಿ, ಎರಡು ನಿಮಿಷದ ಕೆಲಸ.’ ವರ್ಡ್ ಫೈಲಿನಲ್ಲಿ ಅಳಿಸಿ ಟೈಪ್ ಮಾಡಿದ ಹಾಗೆ ಚಿತ್ರದಲ್ಲೂ ಮಾಡಬಹುದೆಂಬ ನಂಬಿಕೆ ಇದು.

ಹಾಗೆ ಆಗುವುದಿಲ್ಲ. ಪೋಸ್ಟರ್ ಜೆಪಿಜಿ ಆದಮೇಲೆ ಅದರೊಳಗೆ ಅಕ್ಷರವೇ ಇರುವುದಿಲ್ಲ, ಇರುವುದು ಬಣ್ಣದ ಚುಕ್ಕೆಗಳು, ಅಂದರೆ ಪಿಕ್ಸೆಲ್‌ಗಳು. ರಂಗೋಲಿಯಲ್ಲಿ ಬರೆದ ‘ಸುಸ್ವಾಗತ’ವನ್ನು ಅಳಿಸಿದರೆ ಅಡಿಯಲ್ಲಿ ಸಾರಿಸಿದ ನೆಲ ಸಿಗುತ್ತದೆ, ಚಿತ್ರದಲ್ಲಿ ಅಡಿಯಲ್ಲಿ ಏನೂ ಸಿಗದು. ಹೊಸ ದಿನಾಂಕ ಬರೆಯುವುದು ಸುಲಭ. ಹಳೆಯದು ಇದ್ದ ಜಾಗದಲ್ಲಿ ಹಿನ್ನೆಲೆ ಕಟ್ಟುವುದಕ್ಕೇ ಸಮಯ ಹೋಗುತ್ತದೆ.

‘ಮೇಲೊಂದು ಬಣ್ಣದ ಪಟ್ಟಿ ಎಳೆದರಾಯಿತು’ ಎನ್ನುವವರಿದ್ದಾರೆ. ಹಿನ್ನೆಲೆ ಒಂದೇ ಬಣ್ಣದ್ದಾದರೆ ಅದು ಸರಿ. ಆದರೆ ನಮ್ಮ ರಾಜ್ಯೋತ್ಸವದ ಪೋಸ್ಟರುಗಳಲ್ಲಿ ಹಳದಿ ಮೆಲ್ಲಗೆ ಕೆಂಪಿಗೆ ತಿರುಗುತ್ತದೆ, ಅಲ್ಲಿ ಪಟ್ಟಿ ತೇಪೆಯಾಗಿ ಎದ್ದು ಕಾಣುತ್ತದೆ. ಜಿಂಪ್ ಎಂಬ ಉಚಿತ ತಂತ್ರಾಂಶದ ಕ್ಲೋನ್ ಟೂಲ್ ಇಲ್ಲಿ ಬೇಕಾಗುತ್ತದೆ. ಕಂಟ್ರೋಲ್ ಕೀ ಒತ್ತಿ ಖಾಲಿ ಜಾಗದ ಮೇಲೆ ಕ್ಲಿಕ್ಕಿಸಿ, ಅಲ್ಲಿನ ಬಣ್ಣವನ್ನು ಅಕ್ಷರದ ಮೇಲೆ ಸವರಬೇಕು. ಬಣ್ಣ ಮೇಲಿನಿಂದ ಕೆಳಕ್ಕೆ ಬದಲಾಗುತ್ತಿದ್ದರೆ ಮಾದರಿಯನ್ನು ಎಡದಿಂದಲೋ ಬಲದಿಂದಲೋ, ಅದೇ ಎತ್ತರದಿಂದಲೇ ತೆಗೆಯಬೇಕು. ಹೀಲ್ ಟೂಲ್ ಸುತ್ತಲಿನ ಛಾಯೆಗೆ ತಾನೇ ಹೊಂದಿಕೊಳ್ಳುತ್ತದೆ. ಆದರೆ ಪಕ್ಕದಲ್ಲಿ ಕಪ್ಪು ಅಕ್ಷರ ಉಳಿದಿದ್ದರೆ ಆ ಕಪ್ಪನ್ನೂ ಎಳೆದುಕೊಂಡು ಕಲೆ ಮಾಡುತ್ತದೆ.

ಕನ್ನಡಕ್ಕೆ ಇನ್ನೊಂದು ಎಚ್ಚರ ಬೇಕು. ‘ಅಧ್ಯಕ್ಷರು’ ಎಂಬ ಪದವನ್ನು ನೇರ ಚೌಕ ಹಾಕಿ ಅಳಿಸಿದರೆ ಒತ್ತಕ್ಷರದ ಬಾಲ ಕೆಳಗಡೆ ಉಳಿದುಬಿಡಬಹುದು. ಜೊತೆಗೆ, ಜೆಪಿಜಿ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಕುಗ್ಗಿಸುವುದರಿಂದ ಅಕ್ಷರದ ಸುತ್ತ ಸಣ್ಣ ಮಸುಕು ಹರಡಿರುತ್ತದೆ. ಅಂಚಿಗಿಂತ ಕೆಲವು ಪಿಕ್ಸೆಲ್ ಹೊರಗಿನವರೆಗೂ ಅಳಿಸದಿದ್ದರೆ ಹಳೆಯ ಅಕ್ಷರದ ನೆರಳು ಹೋಗುವುದಿಲ್ಲ.

ಬದಲಾಗಬೇಕಾದದ್ದು ಒಂದೇ ಅಂಕಿಯಾದರೆ ಫಾಂಟ್ ಹುಡುಕುವ ಗೋಜಿಗೂ ಹೋಗಬೇಡಿ. ‘ಸಂಜೆ 5’ ಎಂಬುದು ‘ಸಂಜೆ 6’ ಆಗಬೇಕೆ? ಅದೇ ಅಳತೆಯ 6 ಪೋಸ್ಟರಿನಲ್ಲೇ ಬೇರೆಲ್ಲಾದರೂ ಇದ್ದರೆ ನಕಲಿಸಿ ಅಂಟಿಸಿ. ಹೊಸದಾಗಿ ಟೈಪ್ ಮಾಡಿದ ಅಂಕಿಗಿಂತ ಅದೇ ಚೆನ್ನಾಗಿ ಬೆರೆಯುತ್ತದೆ, ಏಕೆಂದರೆ ಹಳೆಯ ಮಸುಕು ಅದರಲ್ಲೂ ಇರುತ್ತದೆ. ಟೈಪ್ ಮಾಡಲೇಬೇಕಾದರೆ ಬಣ್ಣವನ್ನು ಹಳೆಯ ಅಕ್ಷರದ ದಪ್ಪ ಗೆರೆಯ ನಡುವಿನಿಂದ ಆರಿಸಿ. ಅಂಚಿನ ಪಿಕ್ಸೆಲ್‌ಗಳಲ್ಲಿ ಹಿನ್ನೆಲೆ ಬೆರೆತಿರುತ್ತದೆ. ಆಮೇಲೆ ಅರ್ಧ ಪಿಕ್ಸೆಲ್‌ನಷ್ಟು ಬ್ಲರ್ ಕೊಟ್ಟರೆ ಸಾಕು.

‘ಜಿಂಪ್‌ನಲ್ಲಿ ಕನ್ನಡ ಒಡೆದುಹೋಗುತ್ತದೆ’ ಎಂಬ ದೂರು ಹಳೆಯದು, ನನಗೆ ಬೇಸರ ತರಿಸುವಂಥದ್ದೂ ಹೌದು. ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಆ ಪಠ್ಯವನ್ನು ಯೂನಿಕೋಡ್ ಫಾಂಟಿನಲ್ಲಿ ತೆರೆದರೆ ಗೊಂದಲ ಕಾಣುವುದು ಸಹಜ, ಅದು ಜಿಂಪ್‌ನ ತಪ್ಪಲ್ಲ. ಯೂನಿಕೋಡಿನಲ್ಲಿ ಟೈಪ್ ಮಾಡಿ, ‘ನೋಟೋ ಸಾನ್ಸ್ ಕನ್ನಡ’ ಅಥವಾ ‘ಬಾಲೂ ತಮ್ಮ’ದಂಥ ಉಚಿತ ಫಾಂಟ್ ಆರಿಸಿದರೆ ಒತ್ತಕ್ಷರ, ಅರ್ಕಾವತ್ತು ಎಲ್ಲವೂ ತಮ್ಮ ಜಾಗದಲ್ಲೇ ಕೂರುತ್ತವೆ. ಮೂಲದ ಫಾಂಟ್ ಸಿಗದಿದ್ದರೆ ಒಂದು ಪದವನ್ನಷ್ಟೇ ಬದಲಿಸಬೇಡಿ, ಇಡೀ ಸಾಲನ್ನೇ ಹೊಸ ಫಾಂಟಿನಲ್ಲಿ ಬರೆಯಿರಿ.

ಉಚಿತವೆಂದರೆ ವಾಟರ್‌ಮಾರ್ಕ್ ಬೀಳುತ್ತದೆ, ದುಡ್ಡಿನ ಕೆಲಸಕ್ಕೆ ಬಳಸುವಂತಿಲ್ಲ ಎಂಬುದೂ ಸುಳ್ಳು. ಅಮೆರಿಕದ ಬರ್ಕ್ಲಿಯಲ್ಲಿ 1995ರಲ್ಲಿ ಇಬ್ಬರು ವಿದ್ಯಾರ್ಥಿಗಳು ಶುರುಮಾಡಿದ ಜಿಂಪ್, ಜಿಪಿಎಲ್ ಪರವಾನಗಿಯ ಮುಕ್ತ ತಂತ್ರಾಂಶ. ಅದರಲ್ಲಿ ಪೋಸ್ಟರ್ ಮಾಡಿ ಡಿಟಿಪಿ ಅಂಗಡಿಯವರು ಹಣ ಪಡೆಯಬಹುದು.

ಕೆಲಸ ಮುಗಿದ ಮೇಲೆ ಜೆಪಿಜಿ ಒಂದನ್ನೇ ಇಟ್ಟುಕೊಂಡರೆ ಮುಂದಿನ ವರ್ಷ ಮತ್ತೆ ಅಳಿಸುವ ಪಾಡು. ಜಿಂಪ್‌ನದೇ ಆದ ಎಕ್ಸ್‌ಸಿಎಫ್ ರೂಪದಲ್ಲೂ ಉಳಿಸಿದರೆ ಲೇಯರ್‌ಗಳು, ಅಂದರೆ ಚಿತ್ರದ ಪದರಗಳು, ಹಾಗೆಯೇ ಇರುತ್ತವೆ, ದಿನಾಂಕವನ್ನು ನಿಜಕ್ಕೂ ಎರಡು ನಿಮಿಷದಲ್ಲಿ ಬದಲಿಸಬಹುದು. ಬಂದ ಕಡತ ಪಿಡಿಎಫ್ ಆಗಿದ್ದರಂತೂ ಚಿತ್ರ ಮಾಡಲು ಹೋಗಬೇಡಿ. ಅದರಲ್ಲಿ ಬಹಳ ಸಲ ಅಕ್ಷರಗಳು ಅಕ್ಷರಗಳಾಗಿಯೇ ಇರುತ್ತವೆ, ಲಿಬ್ರೆಆಫೀಸ್ ಡ್ರಾದಲ್ಲಿ ತೆರೆದು ನೋಡಿ.

ಇನ್ನು ‘ಚೆನ್ನಾಗಿ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ’ ಎಂಬ ಮಾತು. ಪೋಸ್ಟರಿನಲ್ಲಿ ಗೊತ್ತಾದರೂ ನಷ್ಟವಿಲ್ಲ. ಅಂಕಪಟ್ಟಿ, ಆಧಾರ್, ಬ್ಯಾಂಕ್ ರಸೀದಿಯ ಅಂಕಿ ತಿದ್ದಿಕೊಡಿ ಎಂದು ಬರುವವರಿಗೆ ಮಾತ್ರ ಇಲ್ಲವೆಂದೇ ಹೇಳಬೇಕು. ಮೋಸದ ಉದ್ದೇಶದಿಂದ ಸುಳ್ಳು ದಾಖಲೆ ಸೃಷ್ಟಿಸುವುದು ಭಾರತೀಯ ನ್ಯಾಯ ಸಂಹಿತೆಯ 336ನೇ ಕಲಮಿನಡಿ ಅಪರಾಧ, ಎಲೆಕ್ಟ್ರಾನಿಕ್ ದಾಖಲೆಯೂ ಅದರಲ್ಲಿ ಸೇರಿದೆ. ತಿದ್ದಿದ ಜಾಗದ ಕುಗ್ಗಿಸುವಿಕೆಯ ಗುರುತು ಸುತ್ತಲಿನದಕ್ಕಿಂತ ಬೇರೆಯಾಗಿದ್ದರೆ ಪರೀಕ್ಷಕರ ಕಣ್ಣಿಗೆ ಬೀಳುತ್ತದೆ. ಅಷ್ಟು ದೂರ ಹೋಗುವುದೂ ಬೇಕಿಲ್ಲ, ಡಿಜಿಲಾಕರ್‌ನಲ್ಲಿರುವ ಮೂಲ ಅಂಕಪಟ್ಟಿಯನ್ನು ತೆರೆದು ಪಕ್ಕದಲ್ಲಿಟ್ಟರೆ ಸಾಕು.