ಒದ್ದೆ ಬಟ್ಟೆ ಕಟ್ಟಿದ ಥರ್ಮಾಮೀಟರ್

ಬಹರೈನ್‌ನ ಬೇಸಿಗೆ ಹೇಗಿರುತ್ತೆ ಅಂತ ಈ ಪತ್ರಿಕೆ ಓದುವವರಿಗೆ ನಾವು ಹೇಳಬೇಕಾಗಿಲ್ಲ. ಆಗಸ್ಟ್‌ನಲ್ಲಿ ಬೆಳಗ್ಗೆ ಕಂಪನಿ ಬಸ್ಸಿಗೆ ಕಾಯುವಾಗಲೇ ಅಂಗಿ ಬೆನ್ನಿಗೆ ಅಂಟಿರುತ್ತೆ. ಆದರೆ ಇಲ್ಲೇ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಈ ಬೇಸಿಗೆ ಗೊತ್ತೇ ಇಲ್ಲ ಅಂದರೆ ನಂಬ್ತೀರಾ? ಮನೆಯಲ್ಲಿ ಎಸಿ, ಶಾಲೆ ಬಸ್ಸಿನಲ್ಲಿ ಎಸಿ, ಕ್ಲಾಸಿನಲ್ಲಿ ಎಸಿ, ಸಂಜೆ ಮಾಲ್‌ಗೆ ಹೋದರೆ ಅಲ್ಲೂ ಎಸಿ. ಹವಾಮಾನ ಬದಲಾವಣೆ ಅನ್ನೋದು ಅವರಿಗೆ ಪುಸ್ತಕದ ಒಂದು ಪಾಠ, ಪರೀಕ್ಷೆಗೆ ಬರುವ ಒಂದು ಪ್ರಶ್ನೆ. ಬಾಗಿಲಾಚೆಯ ಬಿಸಿಲಿಗೂ ಆ ಪಾಠಕ್ಕೂ ಸಂಬಂಧ ಇದೆ ಅಂತ ತೋರಿಸಿಕೊಡುವವರು ಯಾರು?

ಈ ಪ್ರಶ್ನೆ ಇಟ್ಟುಕೊಂಡು ನಾವು ಆರು ಜನ ಒಂದು ಕಡೆ ಸೇರಿದೆವು. ಒಬ್ಬರು ಎಲೆಕ್ಟ್ರಿಷಿಯನ್, ಒಬ್ಬರು ನರ್ಸ್, ಇಬ್ಬರು ಗೃಹಿಣಿಯರು, ಒಬ್ಬರು ಸ್ಕ್ಯಾಫೋಲ್ಡಿಂಗ್ ಫೋರ್‌ಮನ್, ಉಳಿದವರು ಲೆಕ್ಕಪತ್ರದ ಕೆಲಸದವರು. ವಿಜ್ಞಾನ ಓದಿದವರು ನರ್ಸ್ ಒಬ್ಬರೇ. ತಿಂಗಳಿಗೊಂದು ಶುಕ್ರವಾರ, ಎರಡು ಗಂಟೆ, ಹದಿನೈದು ಇಪ್ಪತ್ತು ಮಕ್ಕಳು. ಫೀಸಿಲ್ಲ, ಸರ್ಟಿಫಿಕೇಟೂ ಇಲ್ಲ.

ಮೊದಲ ದಿನವೇ ಎಡವಿದೆವು

ಮೊದಲ ಸಲ ನಾವು ಮಾಡಿದ್ದು ಶುದ್ಧ ದಡ್ಡತನ. ಗೋಡೆಗೆ ಪ್ರೊಜೆಕ್ಟರ್ ಹಾಕಿ ನಲವತ್ತು ಚಿತ್ರ ತೋರಿಸಿದೆವು. ಕರಗುವ ಹಿಮ, ಬಡಕಲು ಹಿಮಕರಡಿ, ಮುಳುಗಿದ ಊರು. ದೊಡ್ಡ ಮಕ್ಕಳು ಆಕಳಿಸಿದರು. ಚಿಕ್ಕವಳೊಬ್ಬಳು ಮಾತ್ರ ಕಣ್ಣು ಬಿಟ್ಟುಕೊಂಡು ಪೂರ್ತಿ ನೋಡಿದಳು. ಮರುದಿನ ಅವಳ ಅಮ್ಮನ ಫೋನು: "ಏನ್ ತೋರಿಸಿದ್ರಿ ನೀವು? ರಾತ್ರಿಯೆಲ್ಲಾ ನಿದ್ದೆ ಮಾಡಿಲ್ಲ. ಬಹರೈನ್ ಮುಳುಗತ್ತಾ, ಅಪ್ಪ ಈಜ್ತಾರಾ ಅಂತ ಕೇಳ್ತಾ ಇದ್ಲು."

ನಮಗೆ ನಾಚಿಕೆಯಾಯಿತು. ಮಗುವಿಗೆ ಹೆದರಿಕೆ ಕೊಟ್ಟು ಮನೆಗೆ ಕಳಿಸಿದ್ದೆವು, ಕೈಗೆ ಒಂದು ಕೆಲಸ ಕೊಟ್ಟಿರಲಿಲ್ಲ.

ಆಗ ಊರಿನ ಒಂದು ಹಳೆಯ ದಾರಿ ನೆನಪಾಯಿತು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಪತ್ರಿಕೆ ನಮ್ಮಲ್ಲಿ ಹಲವರ ಶಾಲೆಯ ಗ್ರಂಥಾಲಯಕ್ಕೆ ಬರುತ್ತಿತ್ತು. 1993ರಲ್ಲಿ ದೇಶದಾದ್ಯಂತ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವೂ ಕೆಲವರಿಗೆ ಗೊತ್ತಿರಬಹುದು. 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನದೇ ಒಂದು ಸಮಸ್ಯೆ ಹಿಡಿದು, ತಾವೇ ಅಳೆದು, ತಾವೇ ಬರೆದು, ಎದುರಿಗೆ ನಿಂತು ಹೇಳಬೇಕು. 2014 ಮತ್ತು 2015ರಲ್ಲಿ ಅದರ ವಿಷಯವೇ ಹವೆ ಮತ್ತು ಹವಾಮಾನ. ಅಲ್ಲಿ ಮಕ್ಕಳು ನೋಡುತ್ತಿದ್ದದ್ದು ಉತ್ತರ ಧ್ರುವವನ್ನಲ್ಲ, ತಮ್ಮ ಕೆರೆಯನ್ನು, ತಮ್ಮ ಬಾವಿಯನ್ನು. ನಾವೂ ಹಿಮಕರಡಿ ಬಿಟ್ಟು ಬಹರೈನ್ ಹಿಡಿದೆವು.

ಮಣ್ಣಿನ ಬಹರೈನ್

ಎರಡನೇ ಸಲ ಪ್ರೊಜೆಕ್ಟರ್ ಇರಲಿಲ್ಲ. ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಮಕ್ಕಳು ಜೇಡಿಮಣ್ಣಿನಿಂದ ಬಹರೈನ್ ದ್ವೀಪ ಮಾಡಿದರು. ನಡುವೆ ಜಬಲ್ ದುಖಾನ್, ಅದು ಇಲ್ಲಿನ ಅತಿ ಎತ್ತರದ ಜಾಗ, ಸುಮಾರು 130 ಮೀಟರ್ ಅಷ್ಟೆ. ನಮ್ಮ ಚಾಮುಂಡಿ ಬೆಟ್ಟ ನೋಡಿದವರಿಗೆ ಅದೊಂದು ದಿಣ್ಣೆ. ಬೆಂಕಿಪೊಟ್ಟಣಗಳು ಮನಾಮ, ಮುಹರ್ರಕ್, ಸಿತ್ರಾ, ರಿಫಾ ಆದವು. ಐಸ್‌ಕ್ರೀಂ ಕಡ್ಡಿಗಳು ಸೌದಿಗೆ ಹೋಗುವ ಸೇತುವೆ.

ಮೊದಲು ಟಬ್ಬಿನ ನೀರಲ್ಲಿ ಐಸ್ ತೇಲಿಬಿಟ್ಟೆವು. ಅದು ಕರಗಿತು, ನೀರಿನ ಗುರುತು ಮೇಲೇರಲೇ ಇಲ್ಲ. ಮಕ್ಕಳು "ಅಂಕಲ್, ಏನೂ ಆಗ್ಲಿಲ್ಲ" ಅಂದರು. ಆಮೇಲೆ ಟಬ್ಬಿನ ಮೂಲೆಯ ಕಲ್ಲಿನ ಮೇಲೆ ಐಸ್ ಇಟ್ಟೆವು. ಅದು ಕರಗಿ ಹರಿದಾಗ ಗುರುತು ಮೇಲೆ ಬಂತು. ನೀರಲ್ಲಿ ತೇಲುವ ಮಂಜು ಕರಗಿದರೆ ಸಮುದ್ರ ಹೆಚ್ಚು ಏರಲ್ಲ, ನೆಲದ ಮೇಲಿನ ಮಂಜು ಕರಗಿದರೆ ಏರುತ್ತೆ. ಇದು ದೊಡ್ಡವರಾದ ನಮಗೂ ಅವತ್ತು ಹೊಸ ಪಾಠ. ನೀರು ಮೊದಲು ಮುಟ್ಟಿದ್ದು ಮುಹರ್ರಕ್ ಮತ್ತು ಮನಾಮದ ಅಂಚನ್ನು. ಎತ್ತರದಲ್ಲಿದ್ದ ರಿಫಾ ಒಣಗೇ ಇತ್ತು.

ಇಲ್ಲಿಗೇ ಬಿಟ್ಟಿದ್ದರೆ ಮತ್ತದೇ ಹೆದರಿಕೆ. ಹಾಗಾಗಿ ಒಬ್ಬ ಹುಡುಗ ಕೈಯಿಂದ ಅಲೆ ಎಬ್ಬಿಸಿದ, ದಂಡೆಯ ಮಣ್ಣು ಕೊಚ್ಚಿಹೋಯಿತು. ಆಮೇಲೆ ಅದೇ ದಂಡೆಗೆ ಪೊರಕೆ ಕಡ್ಡಿಗಳನ್ನು ಒತ್ತೊತ್ತಾಗಿ ಚುಚ್ಚಿ ಮತ್ತೆ ಅಲೆ ಎಬ್ಬಿಸಿದ. ಕಡ್ಡಿಗಳ ನಡುವೆ ಅಲೆಯ ಬಿರುಸು ಸತ್ತುಹೋಯಿತು. ಕುಂದಾಪುರ, ಹೊನ್ನಾವರದವರಿಗೆ ಆ ಕಡ್ಡಿ ಏನೂಂತ ಆಗಲೇ ಗೊತ್ತಾಗಿರುತ್ತೆ. ಅದೇ ಕಾಂಡ್ಲಾ. ಇಲ್ಲಿನವರು ಖುರ್ಮ್ ಅಂತಾರೆ.

ಡಿಸೆಂಬರ್‌ನಲ್ಲಿ ಮಕ್ಕಳನ್ನು ತುಬ್ಲಿ ಕೊಲ್ಲಿಗೆ ಕರೆದುಕೊಂಡು ಹೋದೆವು. 1997ರಿಂದ ಅದು ರಾಮ್ಸಾರ್ ಪಟ್ಟಿಯಲ್ಲಿರುವ ಜೌಗು ಪ್ರದೇಶ. ಸಮುದ್ರ ತುಂಬಿಸಿ ನೆಲ ಮಾಡಿದ್ದರಿಂದ ಕೊಲ್ಲಿ ಬಹಳ ಕುಗ್ಗಿದೆ, ಆದರೂ ರಾಸ್ ಸನದ್‌ನಲ್ಲಿ ಕಾಂಡ್ಲಾ ಉಳಿದಿದೆ. ಕೆಸರಿನಿಂದ ಪೆನ್ಸಿಲ್ ನಿಲ್ಲಿಸಿದ ಹಾಗೆ ಎದ್ದಿರುವ ಉಸಿರಾಟದ ಬೇರುಗಳನ್ನು ಮಕ್ಕಳು ಎಣಿಸಿದರು. ಎಲೆಗೆ ಬೆರಳು ಸವರಿ ನಾಲಿಗೆಗೆ ಮುಟ್ಟಿಸಿದರು, ಉಪ್ಪುಪ್ಪು! ಬೇರು ಎಳೆದುಕೊಂಡ ಉಪ್ಪನ್ನು ಗಿಡ ಎಲೆಯಿಂದ ಹೊರಹಾಕುತ್ತೆ. 2035ರೊಳಗೆ ಕಾಂಡ್ಲಾವನ್ನು ನಾಲ್ಕು ಪಟ್ಟು ಮಾಡ್ತೀವಿ ಅಂತ ಬಹರೈನ್ 2021ರಲ್ಲಿ ಗ್ಲಾಸ್ಗೊ ಸಮ್ಮೇಳನದ ಹೊತ್ತಿಗೆ ಮಾತು ಕೊಟ್ಟಿದೆ. ನಿದ್ದೆಗೆಟ್ಟಿದ್ದ ಆ ಚಿಕ್ಕವಳು ವಾಪಸ್ ಬರುವಾಗ ಬಸ್ಸಿನಲ್ಲಿ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಳು, 2035ಕ್ಕೆ ತನಗೆಷ್ಟು ವರ್ಷ ಅಂತ.

ಅಪ್ಪ ಪಾಠ ಮಾಡಿದ ದಿನ

ನಮ್ಮ ಮಟ್ಟಿಗೆ ಮುಖ್ಯವಾದ ತರಗತಿ ನಡೆದದ್ದು ಆಗಸ್ಟ್‌ನಲ್ಲಿ, ಟೆರೇಸಿನ ನೆರಳಿನಲ್ಲಿ. ಅವತ್ತು ಮೇಷ್ಟ್ರು ನಮ್ಮ ಫೋರ್‌ಮನ್. "ನಂಗೆಂತ ಗೊತ್ತುಂಟು ಮಾರಾಯ್ರೆ, ನಾನು ಎಸ್ಸೆಸ್ಸೆಲ್ಸಿ" ಅಂತ ತಪ್ಪಿಸಿಕೊಳ್ಳಲು ನೋಡಿದರು, ನಾವು ಬಿಡಲಿಲ್ಲ.

ಎರಡು ಥರ್ಮಾಮೀಟರ್ ಕಟ್ಟಿದೆವು. ಒಂದರ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ, ರಟ್ಟಿನಿಂದ ಗಾಳಿ ಹಾಕಿದೆವು. ಒಣ ಥರ್ಮಾಮೀಟರ್ 36 ತೋರಿಸಿತು. ಒದ್ದೆಯದು 30ಕ್ಕೆ ಇಳಿದು ಅಲ್ಲೇ ನಿಂತಿತು.

ಫೋರ್‌ಮನ್ ಹೇಳಿದರು: "ನಮ್ಮ ಮೈ ಸಹ ಈ ಒದ್ದೆ ಬಟ್ಟೆಯ ಹಾಗೇ. ಬೆವರು ಒಣಗಿದ್ರೆ ಮಾತ್ರ ಮೈ ತಂಪಾಗುದು. ಗಾಳಿಯಲ್ಲೇ ನೀರು ತುಂಬಿದ್ರೆ ಬೆವರು ಒಣಗುದಿಲ್ಲ, ಸುಮ್ನೆ ಸುರೀತದೆ. ಆವಾಗ ಎಷ್ಟು ಗಟ್ಟಿಗನೇ ಆಗ್ಲಿ, ಬೀಳ್ತಾನೆ."

ಒದ್ದೆ ಬಟ್ಟೆಯ ಥರ್ಮಾಮೀಟರ್ 35 ಮುಟ್ಟಿದರೆ ಆರೋಗ್ಯವಂತರ ದೇಹವೂ ಹೆಚ್ಚು ಹೊತ್ತು ತಡೆಯಲಾರದು ಅನ್ನೋದು ವಿಜ್ಞಾನಿಗಳ ಲೆಕ್ಕ. ಮೈಮುರಿದು ದುಡಿಯುವವರಿಗೆ ಅಪಾಯ ಅದಕ್ಕಿಂತ ಬಹಳ ಮೊದಲೇ ಶುರು. ಭೂಮಿ ಬಿಸಿಯಾದಂತೆ ಕೊಲ್ಲಿಯ ಸಮುದ್ರವೂ ಬಿಸಿಯಾಗುತ್ತೆ, ಗಾಳಿ ಇನ್ನಷ್ಟು ತೇವ ಹಿಡಿಯುತ್ತೆ. ಹವಾಮಾನ ಬದಲಾವಣೆ ಅಂದರೆ ಇಲ್ಲಿ ಮೊದಲ ಅರ್ಥ ಇದೇ.

ಗುಂಪಿನಲ್ಲಿ ಅವರ ಮಗಳೂ ಇದ್ದಳು, ಏಳನೇ ಕ್ಲಾಸು. ಆ 30ನ್ನೇ ನೋಡುತ್ತಾ ಕೇಳಿದಳು: "ಅಪ್ಪ, ನೀವು ದಿನಾ ಇದ್ರಲ್ಲೇ ನಿಲ್ಲುದಾ?" ಅವರು ಒಂದು ಕ್ಷಣ ತಡವರಿಸಿದರು. "ಮಧ್ಯಾಹ್ನ ಹನ್ನೆರಡರಿಂದ ನಾಲ್ಕು ನಿಲ್ಲಿಸ್ತಾರೆ ಮಗಾ, ಕಾನೂನು ಉಂಟು" ಅಂದರು. ಹೌದು, ಮೊದಲು ಜುಲೈ, ಆಗಸ್ಟ್ ಎರಡೇ ತಿಂಗಳಿದ್ದ ಈ ನಿಷೇಧ 2025ರಿಂದ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮೂರು ತಿಂಗಳಾಗಿದೆ.

ಮುಂದಿನ ತಿಂಗಳು ಮಕ್ಕಳು ತಾವಾಗಿಯೇ ಪೋಸ್ಟರ್ ಬರೆಯಲು ಕೂತರು. ಕನ್ನಡ, ಹಿಂದಿ, ತೆಲುಗು, ಮಲಯಾಳಂ. ಬಾಯಾರುವ ಮೊದಲೇ ನೀರು ಕುಡಿ. ಜೊತೆಗಾರನ ಮೇಲೆ ಕಣ್ಣಿಡು. ತಲೆಸುತ್ತು, ವಾಂತಿ ಬಂದರೆ ಕೆಲಸ ನಿಲ್ಲಿಸು. ಮಾತು ತೊದಲಿದರೆ, ಪ್ರಜ್ಞೆ ತಪ್ಪಿದರೆ ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ಗಾಳಿ ಬೀಸಿ, 999ಕ್ಕೆ ಫೋನ್ ಮಾಡು. ನಿಮ್ಮ ಕ್ಯಾಂಪಿನ ಬಾಗಿಲಲ್ಲಿ ಬಣ್ಣದ ಪೆನ್ಸಿಲ್ಲಿನ ಇಂಥದ್ದೊಂದು ಹಾಳೆ ಕಂಡರೆ ಅದು ಈ ಮಕ್ಕಳದು. ದಯವಿಟ್ಟು ಹರಿಯಬೇಡಿ.

ಜಮಾ ಮತ್ತು ಖರ್ಚು

ಸುಲಭದ ಪ್ರಶ್ನೆಗಳೇ ಬರುತ್ತವೆ ಅಂತಲ್ಲ. ಒಂದು ದಿನ ಹತ್ತು ಸಾವಿರ ಸಾಸಿವೆ ಕಾಳಿನ ಲೆಕ್ಕ ಹೇಳುತ್ತಿದ್ದೆವು. ಗಾಳಿಯನ್ನು ಹತ್ತು ಸಾವಿರ ಕಾಳು ಅಂದುಕೊಂಡರೆ ಕಾರ್ಬನ್ ಡೈಆಕ್ಸೈಡ್ ಈಗ ನಾಲ್ಕು ಕಾಳಿಗಿಂತ ತುಸು ಹೆಚ್ಚು. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಮೂರಕ್ಕಿಂತ ಕಮ್ಮಿ. "ಬರೀ ಅಷ್ಟಾ?" ಅಂತ ನಕ್ಕರು. ನರ್ಸ್ ಆಂಟಿ ಕೇಳಿದರು: "ನಿಂಗೆ 37 ಇದ್ದದ್ದು 39 ಆದ್ರೆ ಶಾಲೆಗೆ ಹೋಗ್ತೀಯಾ? ಎರಡೇ ಡಿಗ್ರಿ ಅಲ್ವಾ?" ಭೂಮಿಗೆ ಈಗಾಗಲೇ ಒಂದು ಡಿಗ್ರಿಗಿಂತ ಹೆಚ್ಚು ಜ್ವರ.

ಆಗ ಹಿಂದಿನ ಸಾಲಿನ ಹುಡುಗ ಎದ್ದ. "ನಮ್ಮಪ್ಪ ಎಣ್ಣೆ ಕಂಪನೀಲಿ ಕೆಲಸ ಮಾಡೋದು. ಹಾಗಾದ್ರೆ ತಪ್ಪು ಮಾಡ್ತಿದಾರಾ?"

ನಮ್ಮೆಲ್ಲರ ಬಾಯಿ ಕಟ್ಟಿತು. ಯಾಕೆಂದರೆ ಎಣ್ಣೆ ಕಂಪನಿಯಲ್ಲಿರಲಿ, ಇಲ್ಲದಿರಲಿ, ನಾವು ಊರಿಗೆ ಕಳಿಸುವ ಪ್ರತಿ ದಿನಾರಿನಲ್ಲೂ ಸ್ವಲ್ಪ ಎಣ್ಣೆ ಇದೆ. ಸುಳ್ಳು ಹೇಳುವಂತಿಲ್ಲ, ಮಗುವಿನ ಎದುರು ಅಪ್ಪನನ್ನು ಸಣ್ಣವನನ್ನಾಗಿ ಮಾಡುವಂತೆಯೂ ಇಲ್ಲ. ಕೊನೆಗೆ ನಮ್ಮ ಕಸುಬಿನ ಭಾಷೆಯಲ್ಲೇ ಹೇಳಿದೆವು: "ನಿನ್ನ ಅಪ್ಪ ದುಡಿದು ನಿನ್ನನ್ನ ಓದಿಸ್ತಿದಾರೆ, ಅದು ತಪ್ಪಲ್ಲ. ಜಗತ್ತು ಎಣ್ಣೆಯ ಪುಸ್ತಕದಲ್ಲಿ ಬರೀ ಜಮಾ ಬರೀತು, ಖರ್ಚು ಬರೀಲಿಲ್ಲ. ಆ ಖರ್ಚಿನ ಕಾಲಂ ಈಗ ಬರೀಬೇಕು. ಅದನ್ನ ಬರೆಯೋರು ನೀವು."

ಮಾತಿನಲ್ಲಿ ಮುಗಿಸಬಾರದು ಅಂತ ಅವರನ್ನು ಜಬಲ್ ದುಖಾನ್ ಕಡೆಗೆ ಕರೆದೊಯ್ದೆವು. 1932ರಲ್ಲಿ ಎಣ್ಣೆ ಚಿಮ್ಮಿದ ಮೊದಲ ಬಾವಿ ಅಲ್ಲಿದೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ಮರಳಿನ ನಡುವೆ ಒಂಟಿಯಾಗಿ ನಿಂತ 'ಜೀವವೃಕ್ಷ', ಶಜರತ್ ಅಲ್ ಹಯಾತ್, 400 ವರ್ಷದ ಮರ. ಅದು ಯಾವ ಮರ ಗೊತ್ತಾ? ನಮ್ಮ ಬನ್ನಿ! ದಸರೆಯಲ್ಲಿ "ಬನ್ನಿ ತಗೊಂಡು ಬಂಗಾರದಂಗಿರೋಣ" ಅಂತೀವಲ್ಲ, ಅದೇ. ಒಂದೇ ನೆಲದಲ್ಲಿ ಎರಡು ಬಂಗಾರ ಅಕ್ಕಪಕ್ಕ. ಒಂದು ತೊಂಬತ್ತು ವರ್ಷದಲ್ಲಿ ದೇಶವನ್ನೇ ಕಟ್ಟಿತು. ಇನ್ನೊಂದು ಆಳಕ್ಕೆ ಬೇರು ಬಿಟ್ಟು, ಸಿಕ್ಕಷ್ಟು ನೀರಿನಲ್ಲಿ ಬಾಳಿತು. ಮಕ್ಕಳು ಎರಡರ ಚಿತ್ರವನ್ನೂ ಒಂದೇ ಹಾಳೆಯಲ್ಲಿ ಬರೆದರು. ಬಹರೈನ್ ಕೂಡ 2060ಕ್ಕೆ ತನ್ನ ನಿವ್ವಳ ಹೊಗೆಯನ್ನು ಸೊನ್ನೆಗೆ ತರುವ ಗುರಿ ಇಟ್ಟುಕೊಂಡಿದೆ ಅಂತ ಅಲ್ಲೇ ಮರದ ನೆರಳಲ್ಲಿ ಹೇಳಿದೆವು.

ಮಕ್ಕಳು ಊರಲ್ಲಿದ್ದರೆ?

"ನಿಮ್ಮ ಮಕ್ಕಳು ಇಲ್ಲಿದಾರೆ, ನಮ್ಮವು ಊರಾಗ ಅದಾವ" ಅಂತ ಓದುಗರಲ್ಲಿ ಅನೇಕರು ಹೇಳಬಹುದು. ನಿಜ. ರಾಯಚೂರು ಕಡೆಯ ಒಬ್ಬ ಪ್ಲಂಬರ್ ಅಣ್ಣ ಇದಕ್ಕೆ ದಾರಿ ತೋರಿಸಿದರು. ವಿಡಿಯೋ ಕಾಲ್‌ನಲ್ಲಿ ಮಗನ ಕೈಲಿ ಅದೇ ಒದ್ದೆ ಬಟ್ಟೆಯ ಪ್ರಯೋಗ ಮಾಡಿಸಿದರು. ಊರಲ್ಲಿ 38 ಇದ್ದದ್ದು 22ಕ್ಕೆ ಬಂತು. "ಅಪ್ಪಾ, ಇಲ್ಲಿ ಹದಿನಾರು ಇಳೀತು, ನಿನ್ನಲ್ಲಿ ಯಾಕ ಆರ ಇಳೀತು?" ಒಣ ಗಾಳಿ, ತೇವದ ಗಾಳಿ ಅಂತ ಅಪ್ಪ ವಿವರಿಸಿದರು. ಪ್ರತಿ ದಿನ "ಊಟ ಆತಾ, ಓದ್ತಿಯಾ" ಎಂಬ ಎರಡೇ ಮಾತಿಗೆ ಮುಗಿಯುತ್ತಿದ್ದ ಫೋನು ಅವತ್ತು ಮುಕ್ಕಾಲು ಗಂಟೆ ನಡೆಯಿತಂತೆ. ಈಗ ಆ ಹುಡುಗ ಶಾಲೆಯ ಗೋಡೆಯ ಮೇಲೆ ದಿನಾ ಎರಡೂ ಊರಿನ ಲೆಕ್ಕ ಬರೆಯುತ್ತಿದ್ದಾನೆ.

ನೀವೂ ಶುರು ಮಾಡುವುದಾದರೆ ನಮ್ಮ ಒಂದು ದಿನದ ಖರ್ಚು ಇಲ್ಲಿದೆ: ಎರಡು ಥರ್ಮಾಮೀಟರ್ 3 ದಿನಾರ್, ಜೇಡಿಮಣ್ಣು 1 ದಿನಾರ್ 200 ಫಿಲ್ಸ್, ಐಸ್ ಮತ್ತು ಜ್ಯೂಸ್ 1 ದಿನಾರ್ 400, ರಟ್ಟು, ದಾರ, ಬಣ್ಣ 800 ಫಿಲ್ಸ್. ಒಟ್ಟು 6 ದಿನಾರ್ 400 ಫಿಲ್ಸ್. ಆರು ಜನ ಹಂಚಿಕೊಂಡರೆ ತಲೆಗೆ ಒಂದು ದಿನಾರ್ ಚಿಲ್ಲರೆ. ಥರ್ಮಾಮೀಟರ್ ಮುಂದಿನ ತಿಂಗಳಿಗೂ ಬರುತ್ತೆ.

ಡಿಗ್ರಿ ಬೇಡ, ಇಂಗ್ಲಿಷ್ ಬೇಡ. ಬಿಸಿಲು ಅಂದರೇನು ಅಂತ ಮೈಯಿಂದ ಬಲ್ಲವರು ಬೇಕು. ಅಂಥವರು ಈ ಪತ್ರಿಕೆಯ ಓದುಗರಲ್ಲಿ ಇರುವಷ್ಟು ಬೇರೆಲ್ಲೂ ಇಲ್ಲ. ಒಂದೇ ಮಾತು ನೆನಪಿಡಿ, ಮಗುವಿಗೆ ಒಂದು ಹೆದರಿಕೆ ಹೇಳಿದರೆ ಜೊತೆಗೆ ಒಂದು ಕೆಲಸವನ್ನೂ ಕೊಟ್ಟು ಕಳಿಸಿ.

ಅಂದ ಹಾಗೆ, ನಮ್ಮ ಫೋರ್‌ಮನ್ ಬೆಳಗ್ಗೆ ಮನೆಯಿಂದ ಹೊರಡುವಾಗ ಈಗ ನೀರಿನ ಬಾಟಲಿ ಮರೆಯುವ ಹಾಗಿಲ್ಲ. ಬಾಗಿಲಲ್ಲಿ ಮಗಳು ನಿಂತಿರುತ್ತಾಳೆ. ಒಂದಲ್ಲ, ಎರಡು ಬಾಟಲಿ.