ನೊಂದ ಬಾಲಿಕೆಯರಿಗೆ ನೆಲೆ

ಹಸಿದವರಿಗೆ ಅನ್ನ, ಅರಿಯದವರಿಗೆ ಅಕ್ಷರ, ನೆಲೆಯಿಲ್ಲದವರಿಗೆ ಆಶ್ರಯ: ಈ ತ್ರಿವಿಧ ದಾಸೋಹವು ನಮ್ಮ ಮಠಗಳಲ್ಲಿ ನಡೆದುಬಂದ ಧರ್ಮ. ಇದರ ಫಲವನ್ನುಂಡು ಬೆಳೆದವರೇ ಈ ಸಂಚಿಕೆಯ ಓದುಗರಲ್ಲಿ ಬಹುಮಂದಿ. ಆದರೆ ಬಡತನದ ಕಾರಣದಿಂದ ನಿಲಯಕ್ಕೆ ಬಂದ ಮಗುವಿಗೂ, ದೌರ್ಜನ್ಯಕ್ಕೆ ತುತ್ತಾಗಿ ಬಂದ ಹದಿಹರೆಯದ ಬಾಲಿಕೆಗೂ ಅಂತರವುಂಟು. ಇವಳಲ್ಲಿ ಮನುಷ್ಯರ ಮೇಲಿನ ವಿಶ್ವಾಸವೇ ಮರಳಿ ಹುಟ್ಟಬೇಕು. ಅದು ಹುಟ್ಟುವ ಬಗೆಯನ್ನರಿಯಲು ಪಂಡಿತಾ ರಮಾಬಾಯಿಯವರ ಕಾರ್ಯವನ್ನು ನೆನೆಯುವುದು ಉಚಿತ.

ರಮಾಬಾಯಿಯವರು 1858ರಲ್ಲಿ ನಮ್ಮ ಸಹ್ಯಾದ್ರಿಯ ಗಂಗಾಮೂಲದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಲೋಕದ ನಿಂದೆಗೆ ಅಂಜದೆ ಮಡದಿಗೆ ಸಂಸ್ಕೃತವನ್ನು ಕಲಿಸಿದ ವಿದ್ವಾಂಸರು. ಕ್ಷಾಮದ ದಿನಗಳಲ್ಲಿ ತಂದೆತಾಯಿಗಳನ್ನೂ ಅಕ್ಕನನ್ನೂ ಕಳೆದುಕೊಂಡ ಆ ತರುಣಿ, ಅಣ್ಣನೊಡನೆ ಕಾಲ್ನಡಿಗೆಯಲ್ಲಿ ದೇಶವನ್ನು ಸುತ್ತಿದಳು. 1878ರಲ್ಲಿ ಕಲಕತ್ತೆಯ ವಿದ್ವಾಂಸರು ಆಕೆಯ ಪಾಂಡಿತ್ಯವನ್ನು ಮನ್ನಿಸಿ ‘ಸರಸ್ವತೀ’ ಎಂಬ ಬಿರುದನ್ನಿತ್ತರು. ಮುಂದೆ 1889ರಲ್ಲಿ ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾಸದನವು ಆಕೆಯಿಂದ ಆರಂಭವಾಯಿತು.

1896-97ರ ಭೀಕರ ಕ್ಷಾಮದಲ್ಲಿ ಮಧ್ಯಪ್ರಾಂತದ ಅನಾಥ ಬಾಲಿಕೆಯರು ದುರುಳರ ಪಾಲಾಗುತ್ತಿದ್ದುದನ್ನು ಕಂಡ ರಮಾಬಾಯಿ, ಸುಮಾರು 300 ಮಂದಿ ಸ್ತ್ರೀಯರನ್ನೂ ಬಾಲಿಕೆಯರನ್ನೂ ಪುಣೆಯ ಬಳಿಯ ಕೇಡಗಾಂವಕ್ಕೆ ಕರೆತಂದರು. ‘ಮುಕ್ತಿ’ ಎಂದು ಹೆಸರಾದ ಆ ನೆಲೆಯಲ್ಲಿ ಅನ್ನವಸ್ತ್ರಗಳಷ್ಟೇ ದೊರೆಯಲಿಲ್ಲ. ಶಾರದಾಸದನದಲ್ಲಿ ಓದಿದ್ದವರೇ ಹೊಸಬರಿಗೆ ಉಪಾಧ್ಯಾಯಿನಿಯರೂ ಪಾಲಕಿಯರೂ ಆದರು. ನೇಯ್ಗೆ, ಹೊಲಿಗೆ, ವ್ಯವಸಾಯ, ಹೈನುಗಾರಿಕೆ, ಮುದ್ರಣ ಮೊದಲಾದ ಕಾಯಕಗಳು ಅಲ್ಲಿ ನಡೆದವು. ನೊಂದವಳಿಗೆ ತಾನು ಭಾರವಲ್ಲ, ಬೇಕಾದವಳು ಎಂಬ ಅರಿವು ಮೂಡಲು ಇದಕ್ಕಿಂತ ಮಿಗಿಲಾದ ದಾರಿಯಿಲ್ಲ.

ಇಂದಿನ ಮನಶ್ಶಾಸ್ತ್ರವೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಆಘಾತಗೊಂಡ ಬಾಲಿಕೆ ಒಮ್ಮೆ ಮೂಕಿಯಂತಿರುತ್ತಾಳೆ, ಒಮ್ಮೆ ಸಿಡಿದೇಳುತ್ತಾಳೆ, ಇರುಳಲ್ಲಿ ಬೆಚ್ಚಿ ಏಳುತ್ತಾಳೆ, ಪಾಠದಲ್ಲಿ ಮನಸ್ಸು ನಿಲ್ಲದು. ಇದು ಉದ್ಧಟತನವಲ್ಲ; ಅಪಾಯವು ಕಳೆದರೂ ಅದರ ಎಚ್ಚರವು ದೇಹವನ್ನು ಬಿಡದಿರುವ ಲಕ್ಷಣ. ದಂಡನೆಯಿಂದ ಅದು ಹೆಚ್ಚೀತೇ ಹೊರತು ಕುಗ್ಗದು. ಹೊತ್ತಿಗೆ ಸರಿಯಾದ ಊಟ, ನಿದ್ರೆ, ಪಾಠ; ದಿನದಿನವೂ ಬದಲಾಗದ ಒಬ್ಬ ನಿಲಯಪಾಲಕಿ; ನುರಿತ ಆಪ್ತಸಮಾಲೋಚಕಿಯ ನೆರವು; ತನ್ನ ಕಥೆಯನ್ನು ಹೇಳುವ ಅಥವಾ ಹೇಳದಿರುವ ಸ್ವಾತಂತ್ರ್ಯ: ಇವುಗಳಿಂದಲೇ ಗಾಯವು ಮಾಯತೊಡಗುತ್ತದೆ. ಇದು ತಿಂಗಳುಗಳ ಮಾತಲ್ಲ, ವರ್ಷಗಳ ಮಾತು.

ರಮಾಬಾಯಿಯವರ ಕಾರ್ಯದಲ್ಲಿ ಒಂದು ಎಚ್ಚರಿಕೆಯೂ ಉಂಟು. ಅವರು ಕ್ರೈಸ್ತಮತವನ್ನು ಸ್ವೀಕರಿಸಿದ್ದರು; ಶಾರದಾಸದನದಲ್ಲಿ ಮತಪ್ರಭಾವ ನಡೆಯುತ್ತಿದೆಯೆಂಬ ವಿವಾದವೆದ್ದು, 1893ರಲ್ಲಿ ರಾನಡೆ, ಭಂಡಾರ್ಕರ್ ಅಂಥವರು ಅದರ ಸಲಹಾ ಸಮಿತಿಯಿಂದ ಹೊರಬಂದರು. ಆಶ್ರಯವೀಯುವವರು ಯಾವ ಮತದವರೇ ಆಗಲಿ, ತಮ್ಮ ನಂಬುಗೆಯನ್ನು ಆಶ್ರಯದ ಬೆಲೆಯನ್ನಾಗಿ ಕೇಳಬಾರದು. ಈ ಮಾತು ನಮಗೂ ಸಲ್ಲುತ್ತದೆ.

ಇನ್ನೊಂದು ಮಾತು ಇದಕ್ಕಿಂತ ಗುರುತರವಾದುದು. ಪೂಜ್ಯತೆಯ ಹೆಸರಿನಲ್ಲಿ ಯಾವ ನಿಲಯವೂ ಪರಿಶೀಲನೆಗೆ ಅತೀತವಾಗಬಾರದು. 2015ರ ಬಾಲನ್ಯಾಯ ಅಧಿನಿಯಮದಂತೆ ಪಾಲನೆ, ರಕ್ಷಣೆ ಬೇಕಾದ ಮಕ್ಕಳ ಸಂಸ್ಥೆಗಳು ನೋಂದಣಿಯಾಗಲೇಬೇಕು. ಮಗುವಿನ ಹಿತಕ್ಕೆ ಮಕ್ಕಳ ಕಲ್ಯಾಣ ಸಮಿತಿ ಹೊಣೆ. ಸುರಕ್ಷಿತವಾದ ಕುಟುಂಬ ದೊರೆಯದಾಗ ಮಾತ್ರ ಸಂಸ್ಥೆಯ ವಾಸ. 2012ರ ಪೋಕ್ಸೋ ಕಾಯಿದೆಯಂತೆ ಮಗುವಿನ ಮೇಲಣ ಲೈಂಗಿಕ ದೌರ್ಜನ್ಯವನ್ನರಿತೂ ಪೊಲೀಸರಿಗೆ ತಿಳಿಸದಿರುವುದು ಅಪರಾಧ. ಸಂಸ್ಥೆಯ ಗೌರವ ಉಳಿಯಲೆಂದು ಮೌನ ತಾಳುವ ಅಧ್ಯಾಪಕನು ಸಂಸ್ಥೆಯನ್ನೂ ಮಗುವನ್ನೂ ಒಟ್ಟಿಗೆ ಕೆಡಿಸಿದಂತೆ.

ದಾನಿಗಳು ಕಟ್ಟಡಕ್ಕೆ ಕೊಡುವಷ್ಟೇ ಸಂತೋಷದಿಂದ ಒಬ್ಬ ಸಮಾಲೋಚಕಿಯ ವೇತನಕ್ಕೂ ಕೊಡಲಿ. ಕಲ್ಲಿನ ಮೇಲೆ ಕೆತ್ತಿದ ಹೆಸರು ಮಾಸೀತು. ನಿರ್ಭಯಳಾಗಿ ತಲೆಯೆತ್ತಿ ನಡೆಯುವ ಹೆಣ್ಣುಮಗಳ ಬಾಳಿನಲ್ಲಿ ಬೆಳಗುವ ಪುಣ್ಯವು ಮಾಸದು.