ಅರುವತ್ತರ ಕಾಲುಗಳೂ ಓಟದ ಮುಂಜಾವೂ

ಕೊಪ್ಪಳ ಜಿಲ್ಲೆಯ ನವಲಿಯಂತಹ ಊರಿನಲ್ಲಿ ಅರುವತ್ತು ದಾಟಿದ ಮನುಷ್ಯನೊಬ್ಬನು ಬೆಳಗಿನ ಜಾವದಲ್ಲಿ ಬೂಟು ಕಟ್ಟಿಕೊಂಡು ಊರ ಹೊರಗಿನ ರಸ್ತೆಯಲ್ಲಿ ಓಡತೊಡಗಿದನೆಂದರೆ, ಎದುರಾದವರು ಮೊದಲು ಗಾಬರಿಯಿಂದ ಏನಾಯಿತೆಂದು ವಿಚಾರಿಸುವರು, ಏನೂ ಆಗಿಲ್ಲವೆಂದು ತಿಳಿದ ಬಳಿಕ, "ಯಾಕ್ರೀ ಕಾಕಾ, ಈ ವಯಸ್ಸಿನಾಗ ಯಾವ ಬಸ್ ಹಿಡಿಯಾಕ ಓಡಾಕತ್ತೀರಿ?" ಎಂದು ನಗುವರು. ದೇಹಶ್ರಮವೆಂಬುದು ಹೊಲಗದ್ದೆಗಳಲ್ಲಿ ಸಲ್ಲತಕ್ಕುದು, ಅದು ಮುಗಿದ ಮೇಲೆ ವೃದ್ಧಾಪ್ಯಕ್ಕೆ ವಿಶ್ರಾಂತಿಯೇ ಭೂಷಣವೆಂಬ ಹಳೆಯ ನಂಬಿಕೆ ಆ ನಗೆಯ ಅಡಿಯಲ್ಲಿದೆ. ಭತ್ತದ ಗದ್ದೆಯಲ್ಲಿ ಆಯುಷ್ಯ ಸವೆಸಿದವರ ಮಟ್ಟಿಗೆ ಆ ನಂಬಿಕೆ ಅನ್ಯಾಯವಾದುದೂ ಅಲ್ಲ. ಆದರೆ ಅಂಗಡಿಯ ಗಲ್ಲೆಯಲ್ಲೋ ಶಾಲೆಯ ಕುರ್ಚಿಯಲ್ಲೋ ಕಚೇರಿಯ ಕಡತಗಳ ನಡುವೆಯೋ ಕಾಲ ಕಳೆದವರ ಸಂಖ್ಯೆ ನಮ್ಮ ಊರುಗಳಲ್ಲಿಯೂ ಬೆಳೆದಿರುವಾಗ, ವೈದ್ಯರ ಮಾತಿನಿಂದ ನಡಿಗೆಗೆ ತೊಡಗಿ, ನಡಿಗೆಯಿಂದ ಮೆಲ್ಲೋಟಕ್ಕೆ ಸರಿದು, ಕಡೆಗೊಂದು ದಿನ ಸಾವಿರಾರು ಜನರ ಸಾರ್ವಜನಿಕ ಓಟಕ್ಕೆ ಹೆಸರು ಕೊಡುವ ಹಿರಿಯರು ಕಾಣಿಸಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಇಂಥವರಿಗೆ ಮೇಲ್ಪಂಕ್ತಿಗಳುಂಟು. ಪಂಜಾಬಿನ ಬಿಯಾಸ್ ಗ್ರಾಮದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಫೌಜಾ ಸಿಂಗರು ತಮ್ಮ 89ನೆಯ ವಯಸ್ಸಿನಲ್ಲಿ, 2000ದ ಇಸವಿಯಲ್ಲಿ, ಲಂಡನ್ ಮ್ಯಾರಥಾನಿನ 42.195 ಕಿಲೋಮೀಟರನ್ನು ಮೊದಲ ಬಾರಿಗೆ ಕ್ರಮಿಸಿದರು. 2011ರಲ್ಲಿ, ನೂರು ತುಂಬಿದೆಯೆಂದು ಹೇಳಿಕೊಂಡ ವರ್ಷ, ಟೊರಾಂಟೋದಲ್ಲಿ ಎಂಟು ಗಂಟೆ ಮೀರಿದ ಅವಧಿಯಲ್ಲಿ ಅದೇ ದೂರವನ್ನು ಮುಗಿಸಿದರು. ಜನನಪತ್ರವಿಲ್ಲದ ಕಾರಣ ಗಿನ್ನೆಸ್ ಪುಸ್ತಕ ಅದನ್ನು ಅಂಗೀಕರಿಸಲಿಲ್ಲ. ಆ ಕಾಲದ ನಮ್ಮ ಹಳ್ಳಿಗಳಲ್ಲಿ ಯಾರಿಗೆ ತಾನೆ ಜನನಪತ್ರವಿದ್ದಿತು? ಕೆನಡಾದ ಎಡ್ ವಿಟ್ಲಾಕ್ ಎಂಬವರು ಮನೆಯ ಸಮೀಪದ ಸ್ಮಶಾನದ ದಾರಿಗಳಲ್ಲಿ ಗಂಟೆಗಟ್ಟಲೆ ಸುತ್ತುತ್ತ ಅಭ್ಯಾಸ ಮಾಡಿ, 2003ರಲ್ಲಿ, 72ರ ವಯಸ್ಸಿನಲ್ಲಿ, ಅದೇ ದೂರವನ್ನು ಮೂರು ಗಂಟೆಯೊಳಗೆ ಮುಗಿಸಿದರು. ಇವರು ಅಪವಾದಗಳು, ಸಾಮಾನ್ಯ ಹಿರಿಯನು ಇವರನ್ನು ಕಂಡು ಸಂತೋಷಪಡಬೇಕೇ ಹೊರತು ಇವರ ಗತಿಯನ್ನು ತನಗೆ ಅಳತೆಗೋಲಾಗಿ ಇಟ್ಟುಕೊಳ್ಳಬಾರದು.

ನಮ್ಮ ರಾಜ್ಯದಲ್ಲಿ ಇಂತಹ ಓಟಗಳ ಪೈಕಿ ಹೆಸರಾದುದು 2008ರಲ್ಲಿ ಆರಂಭವಾದ ಬೆಂಗಳೂರಿನ ಹತ್ತು ಕಿಲೋಮೀಟರಿನ ವಿಶ್ವ ಓಟ. ಮೊದಲು ಮೇ ತಿಂಗಳಲ್ಲಿ ನಡೆಯುತ್ತಿದ್ದುದು ಇತ್ತೀಚೆಗೆ ಏಪ್ರಿಲ್ ಅಂತ್ಯಕ್ಕೆ ಸರಿದಿದೆ. ಜಗತ್ಪ್ರಸಿದ್ಧ ಓಟಗಾರರು ಓಡುವ ದಿನವೇ ಸಾಮಾನ್ಯರೂ ಓಡುವರು; ಹಿರಿಯ ನಾಗರಿಕರಿಗೆಂದು ಕಿರಿದಾದ ಪ್ರತ್ಯೇಕ ಓಟವೂ ಉಂಟು. ದೂರದಿಂದ ಹೋಗುವವರು ನೆನಪಿಡತಕ್ಕ ಸಂಗತಿಯೆಂದರೆ, ಎದೆಗೆ ಸಿಕ್ಕಿಸಿಕೊಳ್ಳುವ ಬಿಬ್ ನಂಬರನ್ನು ಓಟದ ಬೆಳಿಗ್ಗೆ ಕೊಡುವುದಿಲ್ಲ. ಗುರುತಿನ ಚೀಟಿ ತೋರಿಸಿ ಹಿಂದಿನ ದಿನಗಳಲ್ಲಿಯೇ ಪಡೆಯಬೇಕು. ಶನಿವಾರ ರಾತ್ರಿ ಗಂಗಾವತಿಯಲ್ಲಿ ಬಸ್ಸು ಹತ್ತಿ ಭಾನುವಾರ ಬೆಳಿಗ್ಗೆ ನೇರವಾಗಿ ಓಟಕ್ಕೆ ನಿಲ್ಲುವೆನೆಂಬವನಿಗೆ ನಂಬರೂ ಇಲ್ಲ, ನಿದ್ರೆಯೂ ಇಲ್ಲ.

ಓಟ ಪ್ರಾರಂಭವಾಗುವುದು ಸೂರ್ಯೋದಯದ ಆಸುಪಾಸಿನಲ್ಲಿ. ಆದುದರಿಂದ ಏಳಬೇಕಾದುದು ಅದಕ್ಕೆ ಮೂರು ಗಂಟೆ ಮುಂಚೆ. ಇದು ಅತಿಯೆನಿಸಬಹುದು, ಆದರೆ ಹಿರಿಯ ದೇಹಕ್ಕೆ ಇದರ ಅಗತ್ಯವಿದೆ. ರಾತ್ರಿ ಮಲಗಿದಾಗ ಬೆನ್ನುಮೂಳೆಯ ನಡುವಿನ ಮೃದು ಬಿಲ್ಲೆಗಳು ನೀರು ಹೀರಿ ಉಬ್ಬುವುದರಿಂದ ಎದ್ದ ಮೊದಲ ಗಂಟೆ ಬೆನ್ನು ಬಿಗಿದಿರುತ್ತದೆ. ಆಗ ಬಗ್ಗಿ ಕಾಲ್ಬೆರಳು ಮುಟ್ಟುವ ಸಾಹಸ ಸಲ್ಲದು. ಹೃದಯಾಘಾತಗಳು ಬೆಳಗಿನ ಹೊತ್ತಿನಲ್ಲಿಯೇ ಹೆಚ್ಚೆಂಬುದು ವೈದ್ಯರು ಬಹುಕಾಲದಿಂದ ಗಮನಿಸಿರುವ ವಿಷಯ, ಏಕೆಂದರೆ ಎಚ್ಚರವಾಗುವ ವೇಳೆ ರಕ್ತದ ಒತ್ತಡ ತಾನಾಗಿ ಏರುತ್ತದೆ. ಎದ್ದವನೇ ಓಡದೆ, ಮುಖ ತೊಳೆದು, ಒಂದು ಲೋಟ ನೀರು ಕುಡಿದು, ಎರಡು ಇಡ್ಲಿಯನ್ನೋ ಬಾಳೆಹಣ್ಣನ್ನೋ ತಿಂದು, ಶೌಚವನ್ನು ಸಮಾಧಾನದಿಂದ ಮುಗಿಸಿಕೊಳ್ಳುವುದು ಯುಕ್ತ. ಓಟದ ಮೈದಾನದಲ್ಲಿನ ತಾತ್ಕಾಲಿಕ ಶೌಚಾಲಯಗಳ ಮುಂದಿನ ಸಾಲನ್ನು ಕಂಡವರು ಈ ಮಾತನ್ನು ಕ್ಷುದ್ರವೆಂದು ತಿಳಿಯಲಾರರು. ಹಿಂದಿನ ಸಂಜೆಯ ಮಿರ್ಚಿ ಭಜಿಯ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಸಂಯಮ ಕಷ್ಟವೇ ಸರಿ, ಆದರೂ ಅದು ಅಂದು ಬೇಡ.

ಗುಳಿಗೆಗಳ ವಿಚಾರ ಇದಕ್ಕಿಂತಲೂ ಗಹನವಾದುದು. ರಕ್ತದೊತ್ತಡಕ್ಕೆಂದು ಕೊಡುವ ಕೆಲವು ಔಷಧಗಳು ಮೂತ್ರವನ್ನು ಹೆಚ್ಚಿಸಿ ನೀರನ್ನೂ ಲವಣವನ್ನೂ ಹೊರಗೆ ಹಾಕುವುವು. ಬೇರೆ ಕೆಲವು ಹೃದಯದ ಬಡಿತವನ್ನೇ ತಗ್ಗಿಸುವುವು. ಮಧುಮೇಹದ ಕೆಲವು ಗುಳಿಗೆಗಳು ಶ್ರಮದೊಡನೆ ಸೇರಿ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲವು. ಓಟದ ದಿನ ಯಾವುದನ್ನು ಎಷ್ಟು ಹೊತ್ತಿಗೆ ತೆಗೆದುಕೊಳ್ಳಬೇಕೆಂಬುದನ್ನು ವಾರಗಳ ಮುಂಚೆಯೇ ತನ್ನ ವೈದ್ಯರಲ್ಲಿ ಕೇಳಿ ನಿಶ್ಚಯಿಸಿಕೊಳ್ಳಬೇಕು. ಸ್ವಬುದ್ಧಿಯಿಂದ ನಿಲ್ಲಿಸುವುದೂ ಸಲ್ಲದು. ಮಂಡಿನೋವು ಬಂದೀತೆಂಬ ಭಯದಿಂದ ಮೊದಲೇ ನೋವಿನ ಗುಳಿಗೆ ನುಂಗಿ ಓಡುವ ಅಭ್ಯಾಸವಂತೂ ಮೂತ್ರಪಿಂಡಗಳಿಗೆ ಮಾಡುವ ದ್ರೋಹ.

ಮೈದಾನವನ್ನು ಹೊಕ್ಕೊಡನೆ ಧ್ವನಿವರ್ಧಕದ ಅಬ್ಬರ, ತರುಣರ ಕೇಕೆ, ವೇದಿಕೆಯ ಮೇಲಿನ ಕುಣಿತ ಇವೆಲ್ಲ ಸೇರಿ ಮನಸ್ಸಿಗೆ ಇಪ್ಪತ್ತರ ಪ್ರಾಯವನ್ನು ತಂದುಕೊಡುತ್ತವೆ. ಸ್ನಾಯುಗಳಿಗೆ ಈ ಸುದ್ದಿ ತಲುಪಿರುವುದಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಡುವಾಗ ಗೇಟನ್ನು ಹಂತಹಂತವಾಗಿ ಎತ್ತುವಂತೆ, ಹದಿನೈದು ಇಪ್ಪತ್ತು ನಿಮಿಷ ನಡೆದು, ಕೈಕಾಲುಗಳನ್ನು ಬೀಸಿ, ಕೊನೆಯಲ್ಲಿ ಒಂದಿಷ್ಟು ಮೆಲ್ಲನೆ ಓಡಿ ರಕ್ತಸಂಚಾರವನ್ನು ಹೆಚ್ಚಿಸಿಕೊಳ್ಳಬೇಕು. ಆಮೇಲೆ ಗುಂಪಿನ ಹಿಂಭಾಗದಲ್ಲಿ, ಅಂಚಿಗೆ ನಿಲ್ಲುವುದು ಲೇಸು. ತಡವಾಗುವುದೆಂಬ ಚಿಂತೆ ಬೇಡ: ಬಿಬ್ಬಿಗೆ ಅಂಟಿಸಿದ ಚಿಪ್ ಆರಂಭದ ರೇಖೆಯ ಚಾಪೆಯನ್ನು ತಾನು ದಾಟಿದ ಕ್ಷಣದಿಂದಲೇ ನಿಮ್ಮ ಕಾಲವನ್ನು ಎಣಿಸುತ್ತದೆ.

ಇಡೀ ಮುಂಜಾವಿನ ಮರ್ಮವಿರುವುದು ಅನಂತರದ ಮೊದಲ ಎರಡು ಕಿಲೋಮೀಟರುಗಳಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಿರಿಯನಿಗೆ ಆ ದಿನ ಬೇಕಾದುದು ಶಕ್ತಿಗಿಂತ ಹೆಚ್ಚಾಗಿ, ಶಕ್ತಿಯನ್ನು ಹಿಡಿದಿಡುವ ವಿವೇಕ. ಹೃದಯದ ಗರಿಷ್ಠ ಬಡಿತವನ್ನು 220ರಿಂದ ವಯಸ್ಸನ್ನು ಕಳೆದು ಲೆಕ್ಕಹಾಕುವ ರೂಢಿಯುಂಟು. ವಯಸ್ಸಿನ ಹತ್ತರಲ್ಲಿ ಏಳು ಪಾಲನ್ನು 208ರಿಂದ ಕಳೆಯುವುದು ಹಿರಿಯರಿಗೆ ಹೆಚ್ಚು ಹೊಂದುವುದೆಂದು ಈಚಿನ ಮತ. ಅರುವತ್ತೈದರವನಿಗೆ ಮೊದಲನೆಯ ಲೆಕ್ಕದಿಂದ 155, ಎರಡನೆಯದರಿಂದ ಸುಮಾರು 162. ಇವು ಸರಾಸರಿಗಳೇ ಹೊರತು ಶಾಸನಗಳಲ್ಲ. ಬಡಿತ ತಗ್ಗಿಸುವ ಔಷಧ ಸೇವಿಸುವವರಿಗೆ ಎರಡೂ ನಿರರ್ಥಕ. ಪಕ್ಕದವನೊಡನೆ ಒಂದು ಪೂರ್ಣವಾಕ್ಯವನ್ನು ಏದುಸಿರಿಲ್ಲದೆ ಆಡಬಲ್ಲೆನಾದರೆ ಗತಿ ಸರಿಯೆಂಬ ಹಳೆಯ ಪರೀಕ್ಷೆಯೇ ಮೇಲು. ಕಾಲುವೆಯ ಮಗ್ಗುಲಿನ ಸಪಾಟು ದಾರಿಯಲ್ಲಿ ಅಭ್ಯಾಸ ಮಾಡಿದವನಿಗೆ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನ ತಂಪು ಹಿತವಾದೀತು, ಆದರೆ ಅಲ್ಲಿನ ರಸ್ತೆಗಳ ಏರಿಳಿತ ಹೊಸದು. ಏರಿನಲ್ಲಿ ನಡೆಯುವುದರಿಂದ ಯಾವ ಮಾನವೂ ಹೋಗುವುದಿಲ್ಲ.

ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುವುದರಿಂದ, ನೀರಿನ ಮೇಜುಗಳ ಬಳಿ ದಾಹವಿಲ್ಲದಿದ್ದರೂ ಎರಡು ಗುಟುಕು ಕುಡಿಯುವುದು ಒಳ್ಳೆಯದು. ಸಿಕ್ಕಲ್ಲೆಲ್ಲ ಹೊಟ್ಟೆ ತುಂಬ ಕುಡಿದರೆ ರಕ್ತದಲ್ಲಿನ ಸೋಡಿಯಂ ತೆಳುವಾಗಿ, ನಿರ್ಜಲತೆಗಿಂತ ದೊಡ್ಡ ಗಂಡಾಂತರ ಒದಗೀತು. ಎದೆಯಲ್ಲಿ ಬಿಗಿತ, ದವಡೆಗೋ ತೋಳಿಗೋ ಹರಡುವ ನೋವು, ತಲೆಸುತ್ತು, ತಣ್ಣನೆಯ ಬೆವರು ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಯೇ ನಿಂತು ಸ್ವಯಂಸೇವಕರನ್ನು ಕರೆಯತಕ್ಕದ್ದು. ಇನ್ನು ಅರ್ಧ ಕಿಲೋಮೀಟರು ಮಾತ್ರ ಉಳಿದಿದೆಯೆಂಬ ತರ್ಕಕ್ಕೆ ಇಲ್ಲಿ ಎಡೆಯಿಲ್ಲ.

ಗುರಿಯ ರೇಖೆ ದಾಟಿದ ಬಳಿಕ ಪದಕಕ್ಕಾಗಿ ತಟ್ಟನೆ ನಿಲ್ಲುವುದು ಸಾಮಾನ್ಯ ತಪ್ಪು. ಓಡುವಾಗ ಕಾಲಿನ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತಿ ಕಳುಹಿಸುತ್ತಿದ್ದುದು ನಿಂತೊಡನೆ ನಿಲ್ಲುತ್ತದೆ. ರಕ್ತ ಕಾಲುಗಳಲ್ಲಿ ಉಳಿದು, ಒತ್ತಡ ಕುಸಿದು, ಓಟದುದ್ದಕ್ಕೂ ಗಟ್ಟಿಯಾಗಿದ್ದವನು ಪದಕ ಕೊರಳಿಗೆ ಬಿದ್ದೊಡನೆ ನೆಲಕ್ಕೆ ಬೀಳುವುದುಂಟು. ಹತ್ತು ನಿಮಿಷ ನಡೆಯುತ್ತಲೇ ಇರಬೇಕು, ಬೆವರಿನ ಅಂಗಿಯನ್ನು ಬದಲಿಸಬೇಕು, ಊರಿಗೆ ಮರಳುವ ಬಸ್ಸು ನಿಂತಲ್ಲೆಲ್ಲ ಇಳಿದು ನಾಲ್ಕು ಹೆಜ್ಜೆ ಹಾಕಬೇಕು. ನಿಜವಾದ ನೋವು ಬರುವುದು ಎರಡನೆಯ ದಿನ, ಅದೂ ಮೆಟ್ಟಿಲು ಹತ್ತುವಾಗಲಲ್ಲ, ಇಳಿಯುವಾಗ. ಭಾರ ಹೊತ್ತು ಹಿಗ್ಗುವ ಸ್ನಾಯುವಿನ ಎಳೆಗಳಿಗೆ ಆಗುವ ಸೂಕ್ಷ್ಮ ಗಾಯಗಳೇ ಅದಕ್ಕೆ ಕಾರಣ, ಹಿರಿಯರಲ್ಲಿ ಅವು ಮಾಯಲು ದಿನಗಳು ಹೆಚ್ಚು ಬೇಕು. ಓಟ ನಿರ್ವಿಘ್ನವಾಗಿ ಮುಗಿದರೆ ಮರುದಿನವೇ ಅಂಜನಾದ್ರಿಗೆ ಬಂದು ಹನುಮಪ್ಪನ ದರ್ಶನ ಮಾಡುವೆನೆಂದು ಹರಕೆ ಹೊತ್ತವರು ಅದನ್ನು ಮುಂದಿನ ಶನಿವಾರಕ್ಕೆ ಇಟ್ಟುಕೊಳ್ಳಲಿ: ಅಲ್ಲಿನ ಐದುನೂರಕ್ಕೂ ಮೀರಿದ ಮೆಟ್ಟಿಲುಗಳನ್ನು ಹತ್ತಿಸಲು ಭಕ್ತಿ ಸಾಕಾದೀತು, ಇಳಿಸಲು ತೊಡೆಗಳೇ ಬೇಕು.